ಅಲ್ಲಿ ಕೊಂಡ ಮಿಕ್ಸಿಗೆ ಇಲ್ಲಿ ಯಾಕೆ ರಿಪೇರಿ ಮಾಡಬೇಕು?

ಪ್ರಶ್ನೆ: ಸರ್, ತುಮಕೂರಿನ ಅಶೋಕ ರಸ್ತೆ ಹತ್ತಿರ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಮಾವನವರು ಶುರು ಮಾಡಿದ್ದು. ಸ್ಟೀಲ್ ಪಾತ್ರೆ ಜೊತೆಗೆ ಕುಕ್ಕರ್, ಮಿಕ್ಸಿ, ಗ್ರೈಂಡರ್, ಗ್ಯಾಸ್ ಸ್ಟವ್ ಇಟ್ಟಿದ್ದೇವೆ. ನಮ್ಮ ಯಜಮಾನರಿಗೆ ರಿಪೇರಿ ಚೆನ್ನಾಗಿ ಬರುತ್ತೆ. ಊರಿಗೆ ದೊಡ್ಡ ಶೋರೂಮ್‌ಗಳು ಬಂದ ಮೇಲೆ ಹೊಸ ಮಿಕ್ಸಿ, ಸ್ಟವ್ ವ್ಯಾಪಾರ ಬಿದ್ದುಹೋಗಿದೆ. ಜನ ಅಲ್ಲಿ ಕೊಳ್ಳುತ್ತಾರೆ, ಇಲ್ಲಾ ಫೋನಿನಲ್ಲಿ ತರಿಸುತ್ತಾರೆ. ಕೆಟ್ಟಾಗ ಮಾತ್ರ ನಮ್ಮ ಹತ್ತಿರ ಬರುತ್ತಾರೆ. ‘ಅಲ್ಲಿ ಯಾರೂ ಕೇಳೋರೇ ಇಲ್ಲ’ ಅಂತ ಬೈತಾರೆ. ಮುಂದಿನ ಸಲ ಮತ್ತೆ ಅಲ್ಲಿಗೇ ಹೋಗ್ತಾರೆ. ‘ಎಲ್ಲಿ ತಗೊಂಡ್ರೋ ಅಲ್ಲೇ ಹೋಗಿ’ ಅಂತ ಹೇಳಿ ಕಳಿಸಬೇಕು ಅನ್ನಿಸುತ್ತೆ. ಮಗ ಆನ್‌ಲೈನ್‌ನಲ್ಲಿ ಮಾರೋಣ ಅಂತಿದ್ದಾನೆ. ಏನು ಮಾಡಿದರೆ ಒಳ್ಳೇದು?
– ಹೆಸರು ಬೇಡ, ತುಮಕೂರು

ಉತ್ತರ: ಕಳಿಸಬೇಡಿ ಮೇಡಂ. ಹಾಗಂತ ಪುಕ್ಕಟೆ ಮಾಡಿಕೊಡಲೂ ಬೇಡಿ. ದುಡ್ಡು ತಗೊಂಡು, ರಸೀದಿ ಕೊಟ್ಟು, ಹೇಳಿದ ದಿನಕ್ಕೆ ಸರಿ ಮಾಡಿಕೊಡಿ. ಬೇರೆಯವರ ಹತ್ತಿರ ಕೊಂಡ ಮಿಕ್ಸಿ ಹಿಡಿದು ನಿಮ್ಮ ಮೆಟ್ಟಿಲು ಹತ್ತುವವರೇ ನಿಮ್ಮ ಮುಂದಿನ ಗಿರಾಕಿಗಳು. ಅವರನ್ನು ಕರೆತರಲು ನೀವು ಒಂದು ರೂಪಾಯಿ ಜಾಹೀರಾತು ಕೊಟ್ಟಿಲ್ಲ. ಶೋರೂಮ್‌ನವರೇ ಕಳಿಸಿದ್ದಾರೆ.

ಬೈದವರು ಮತ್ತೆ ಅಲ್ಲಿಗೇ ಹೋಗ್ತಾರೆ ಅಂದಿರಿ. ಯಾಕೆ ಗೊತ್ತಾ? ಮಿಕ್ಸಿ ಕೆಡೋದು ಬೆಳಗ್ಗೆ ಏಳು ಗಂಟೆಗೆ, ಕಾಯಿ ತುರಿದು ಜಾರಿಗೆ ಹಾಕಿದ ಮೇಲೆ. ಹೊಸದನ್ನು ಕೊಳ್ಳೋದು ಭಾನುವಾರ ಸಂಜೆ, ಮನೆಯವರೆಲ್ಲ ಒಳ್ಳೇ ಬಟ್ಟೆ ಹಾಕಿಕೊಂಡು ಹೊರಟಾಗ. ಅವತ್ತು ತಲೆಯಲ್ಲಿರೋದು ಬೆಲೆ, ಇಎಂಐ, ಹಳೇದು ಕೊಟ್ಟರೆ ಎಷ್ಟು ಕಡಿಮೆ ಮಾಡ್ತಾರೆ ಅನ್ನೋದು. ಕೆಟ್ಟ ದಿನದ ಕಷ್ಟ ಯಾರಿಗೂ ನೆನಪಿರೋದಿಲ್ಲ. ಆದ್ದರಿಂದ ‘ಅಲ್ಲಿ ಸರ್ವಿಸ್ ಸರಿಯಿಲ್ಲ, ನಮ್ಮಲ್ಲಿ ಕೊಳ್ಳಿ’ ಅಂತ ಭಾನುವಾರ ಸಂಜೆ ಎಷ್ಟು ಹೇಳಿದರೂ ಕಿವಿಗೆ ಬೀಳೋದಿಲ್ಲ. ಕೆಟ್ಟ ದಿನ ನೀವು ಮಾಡಿಕೊಟ್ಟ ಕೆಲಸ ಮಾತ್ರ ನೆನಪಿನಲ್ಲಿ ಉಳಿಯುತ್ತೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸಣ್ಣ ಅಂಗಡಿ ಅಂದರೆ ಒಳ್ಳೇ ಸರ್ವಿಸ್ ಅಂತ ನಾವು ನಾವೇ ನಂಬಿಕೊಂಡಿದ್ದೇವೆ. ಗಿರಾಕಿ ಹಾಗೆ ನಂಬಿಲ್ಲ. ಎಷ್ಟೋ ಅಂಗಡಿಗಳಲ್ಲಿ ಅಟ್ಟದ ಮೇಲಿನ ಡಬ್ಬ ಇಳಿಸುವ ಮುಂಚೆ ‘ತಗೋತೀರಾ?’ ಅಂತ ಕೇಳ್ತಾರೆ. ಎರಡು ನೋಡಿ ಮೂರನೆಯದು ತೋರಿಸಿ ಅಂದರೆ ಮುಖ ಗಂಟಾಗುತ್ತೆ. ಬೆಲೆ ಬರೆದಿರೋದಿಲ್ಲ, ಮುಖ ನೋಡಿ ಹೇಳ್ತಾರೆ. ಬಿಲ್ ಕೇಳಿದರೆ ‘ಟ್ಯಾಕ್ಸ್ ಸೇರುತ್ತೆ ನೋಡಿ’ ಅಂತ ಹೆದರಿಸ್ತಾರೆ. ದೊಡ್ಡ ಮಳಿಗೆಯಲ್ಲಿ ಯಾರೂ ತಿರುಗಿ ನೋಡದೇ ಇರಬಹುದು, ಆದರೆ ಕೊಳ್ಳದೇ ಹೊರಗೆ ಬಂದರೆ ಬೈಯೋರೂ ಇಲ್ಲ. ಬಹಳ ಜನಕ್ಕೆ ಅದೇ ದೊಡ್ಡ ಸಮಾಧಾನ. ನಿಮ್ಮ ಅಂಗಡಿ ಹಾಗಿಲ್ಲ ಅಂತ ಇಟ್ಟುಕೊಳ್ಳೋಣ. ಆದರೂ ಒಂದು ವಾರ ಗಿರಾಕಿಯ ಕಣ್ಣಲ್ಲಿ ನೋಡಿ.

ಈಗ ಶೋರೂಮ್ ಕಡೆಗೆ ಬರೋಣ. ಅಲ್ಲಿನ ಹುಡುಗರಿಗೆ ತರಬೇತಿ ಕೊಡುವ ಕೆಲಸದಲ್ಲಿ ಇದ್ದವನು ನಾನು. ಆ ಹುಡುಗರು ಸೋಮಾರಿಗಳು ಅಂತ ಅಂದುಕೊಂಡರೆ ನೀವು ಲೆಕ್ಕ ತಪ್ಪುತ್ತೀರಿ. ಮಿಕ್ಸಿ ಸಾಲಿನಲ್ಲಿ ಕಂಪನಿಯ ಟೀ ಶರ್ಟ್ ಹಾಕಿಕೊಂಡು ನಿಂತಿರ್ತಾನಲ್ಲ, ಅವನು ಬಹಳ ಸಲ ಶೋರೂಮ್‌ನ ನೌಕರನೇ ಅಲ್ಲ. ಆ ಬ್ರಾಂಡ್‌ನವರು ಇಟ್ಟ ಪ್ರಮೋಟರ್. ಇಷ್ಟು ಪೀಸ್ ಮಾರಿದರೆ ಇಷ್ಟು ಇನ್ಸೆಂಟಿವ್ ಅಂತ ಅವನ ಲೆಕ್ಕ. ನಿಮ್ಮ ಮನೆಯಲ್ಲಿ ಏನು ಅರೀತೀರಿ, ಎಷ್ಟು ಜನ ಇದ್ದೀರಿ ಅಂತ ಕೇಳಿ ಪಕ್ಕದ ಕಂಪನಿಯ ಮಿಕ್ಸಿ ತೋರಿಸಿದರೆ ಅವನಿಗೇ ನಷ್ಟ. ಬಿಲ್ ಮಾಡುವ ಹುಡುಗಿಗೆ ಬಿಲ್ ಕ್ಯಾನ್ಸಲ್ ಮಾಡೋ ಅಧಿಕಾರ ಇರೋದಿಲ್ಲ. ಮ್ಯಾನೇಜರ್ ಬಂದು ತನ್ನ ಕೋಡ್ ಒತ್ತಬೇಕು. ಆ ಮ್ಯಾನೇಜರ್‌ಗೆ ಮೇಲಿನವರು ದಿನಾ ಕೇಳೋದು ಇವತ್ತು ಎಷ್ಟಾಯ್ತು, ಎಕ್ಸ್‌ಟೆಂಡೆಡ್ ವಾರಂಟಿ ಎಷ್ಟು ಮಾರಿದಿರಿ ಅಂತ. ಎಷ್ಟು ಜನ ಬೇಜಾರಾಗಿ ಹೋದರು ಅಂತ ಕೇಳೋದಿಲ್ಲ.

ರಿಪೇರಿ ಅಂತೂ ಶೋರೂಮ್‌ನದ್ದೇ ಅಲ್ಲ. ಅದು ಕಂಪನಿಯ ಸರ್ವಿಸ್ ಸೆಂಟರ್‌ನದ್ದು. ಸೆಂಟರ್ ನಡೆಸೋದು ಸಾಮಾನ್ಯವಾಗಿ ಗುತ್ತಿಗೆ ಹಿಡಿದ ಇನ್ನೊಬ್ಬರು. ಅವರಿಗೆ ದುಡ್ಡು ಬರೋದು ಮುಗಿಸಿದ ಕಾಲ್, ಅಂದರೆ ದೂರಿನ ಲೆಕ್ಕದಲ್ಲಿ. ಯಾರೂ ಮನೆಗೆ ಬರದೇ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು ಅಂತ ನಿಮ್ಮ ಗಿರಾಕಿಗಳು ಹೇಳಿರಬೇಕು, ಅಲ್ವಾ? ಅದು ಹೀಗೇ ಹುಟ್ಟೋದು. ಮಾರಿದವನು ಒಬ್ಬ, ದುಡ್ಡು ತಗೊಂಡವನು ಇನ್ನೊಬ್ಬ, ಸರಿ ಮಾಡಬೇಕಾದವನು ಮತ್ತೊಬ್ಬ. ‘ಆಯ್ತು, ಬದಲಾಯಿಸಿ ಕೊಡ್ತೀನಿ’ ಅಂತ ನಿಂತ ಜಾಗದಲ್ಲೇ ಹೇಳಬಲ್ಲವರು ಈ ಸಾಲಿನಲ್ಲಿ ಎಲ್ಲೂ ಇಲ್ಲ. ನಿಮ್ಮ ಗಲ್ಲಾಪೆಟ್ಟಿಗೆ ಹಿಂದೆ ಕೂತವರು ಅದನ್ನು ಹೇಳಬಲ್ಲರು. ನಿಮಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ, ಬೆಲೆಯಲ್ಲಿ ಇದನ್ನು ಹುಡುಕಬೇಡಿ.

ಒಂದು ಸಣ್ಣ ಘಟನೆ ಹೇಳ್ತೀನಿ. ಕೊರಟಗೆರೆ ಕಡೆಯ ಒಬ್ಬ ಹೆಂಗಸು ಕೈಚೀಲದಲ್ಲಿ ಮಿಕ್ಸಿ ಇಟ್ಟುಕೊಂಡು ಒಂದು ದೊಡ್ಡ ಮಳಿಗೆಗೆ ಬಂದಿದ್ದರು. ‘ಆನ್ ಆಗ್ತಾನೇ ಇಲ್ಲ ಕಣಪ್ಪ’ ಅಂದರು. ಕೌಂಟರಿನ ಹುಡುಗ ಡಬ್ಬದ ಮೇಲಿನ ಟೋಲ್ ಫ್ರೀ ನಂಬರ್ ತೋರಿಸಿ, ಇಲ್ಲಿಗೆ ಫೋನ್ ಮಾಡಿ ಅಂದ. ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ಆಯಮ್ಮ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೊರಟರು. ದಾರಿಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ. ಅಲ್ಲಿಯವರು ಮಿಕ್ಸಿಯನ್ನು ಬೋರಲು ಹಾಕಿ, ತಳದಲ್ಲಿದ್ದ ಕೆಂಪು ಬಟನ್ ಒತ್ತಿದರು. ಮಿಕ್ಸಿ ತಿರುಗಿತು. ಜಾರಿಗೆ ಒಣಕೊಬ್ಬರಿ ಜಾಸ್ತಿ ತುಂಬಿ ಓಡಿಸಿದ್ದರಿಂದ ಓವರ್‌ಲೋಡ್ ಸ್ವಿಚ್ ತಾನಾಗಿ ಆಫ್ ಆಗಿತ್ತು, ಅಷ್ಟೇ. ‘ಇನ್ನು ಮೇಲೆ ಅರ್ಧ ಜಾರ್ ಹಾಕಿ, ನಡುನಡುವೆ ನಿಲ್ಲಿಸಿ. ಮತ್ತೆ ಹೀಗಾದರೆ ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಇದನ್ನು ಒತ್ತಿ’ ಅಂತ ಹೇಳಿಕೊಟ್ಟರು. ಕೆಲಸ ಅರ್ಧ ನಿಮಿಷದ್ದು. ನಿಮ್ಮ ಯಜಮಾನರಿಗೆ ಇದೆಲ್ಲ ನಿದ್ದೆಯಲ್ಲೂ ಗೊತ್ತಿರುತ್ತೆ. ಶೋರೂಮ್‌ನ ಹುಡುಗನಿಗೆ ಇದು ಗೊತ್ತಿರಬೇಕು ಅಂತ ಯಾರಿಗೂ ಅನ್ನಿಸಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ರಿಪೇರಿ ಟೇಬಲನ್ನು ಹಿಂದಿನ ಗೋಡೌನಿನಿಂದ ಅಂಗಡಿಯ ಮುಂಭಾಗಕ್ಕೆ ತನ್ನಿ. ಈಗ ಅದು ಮೂಟೆಗಳ ಸಂದಿಯಲ್ಲಿ ಇದೆ ಅಂತ ನನ್ನ ಊಹೆ. ರಸ್ತೆಯಲ್ಲಿ ಹೋಗುವವರಿಗೆ ಬಿಚ್ಚಿದ ಮಿಕ್ಸಿ ಕಾಣಬೇಕು. ‘ಎಲ್ಲಿ ಕೊಂಡಿದ್ದರೂ ಇಲ್ಲಿ ರಿಪೇರಿ ಮಾಡುತ್ತೇವೆ’ ಅಂತ ಬೋರ್ಡ್ ಬರೆಸಿ. ಅದರ ಕೆಳಗೆ ದರ ಇರಲಿ. ಕಪ್ಲರ್ ಬದಲಾಯಿಸಲು ಇಷ್ಟು, ಕಾರ್ಬನ್ ಇಷ್ಟು, ಜಾರಿನ ಬುಷ್ ಮತ್ತು ಬ್ಲೇಡ್ ಇಷ್ಟು, ಕುಕ್ಕರ್ ಹಿಡಿ ಇಷ್ಟು. ಬಿಚ್ಚಿ ನೋಡುವುದಕ್ಕೆ 50 ರೂಪಾಯಿ ಇಡಿ, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯಿರಿ. ಸುಮ್ನೆ ಬಿಚ್ಚಿಸಿ ನೋಡಿ ಹೋಗುವವರು ಕಡಿಮೆಯಾಗ್ತಾರೆ. ನಿಜವಾದ ಗಿರಾಕಿಗೂ ಮೋಸ ಆಯ್ತು ಅನ್ನಿಸೋದಿಲ್ಲ.

ಎರಡನೆಯದು ಒಂದು ನೋಟ್‌ಬುಕ್. ಹೆಸರು, ಊರು, ಮಾಡೆಲ್, ಏನು ತೊಂದರೆ, ಯಾವತ್ತು ಕೊಡ್ತೀವಿ. ಇದರದ್ದೇ ಒಂದು ಹಾಳೆ ಹರಿದು ಗಿರಾಕಿಗೆ ಕೊಡಿ. ಗುಬ್ಬಿ, ಕುಣಿಗಲ್, ಮಧುಗಿರಿ, ಸಿರಾ ಕಡೆಯಿಂದ ಬರುವವರಿಗೆ ಬಸ್ ಚಾರ್ಜಿಗಿಂತ ಅರ್ಧ ದಿನದ ಕೂಲಿ ಹೋಗೋದೇ ದೊಡ್ಡ ನಷ್ಟ. ಗುರುವಾರ ಕೊಡ್ತೀವಿ ಅಂದು ಪಾರ್ಟ್ ಬಂದಿಲ್ಲ ಅಂತಾದರೆ ಬುಧವಾರ ಸಂಜೆಯೇ ಫೋನ್ ಮಾಡಿ ‘ಬರಬೇಡಿ ಅಮ್ಮ, ಶನಿವಾರ ಬನ್ನಿ’ ಅಂತ ಹೇಳಿ. ನನ್ನ ಪ್ರಕಾರ ಇಡೀ ಸರ್ವಿಸ್‌ನಲ್ಲಿ ಇದರಷ್ಟು ಅಗ್ಗದ, ಇದರಷ್ಟು ಕೆಲಸಕ್ಕೆ ಬರುವ ವಿಷಯ ಬೇರೆ ಇಲ್ಲ. ಹಳೇ ಮಿಕ್ಸಿ ಒಂದೆರಡನ್ನು ಸರಿ ಮಾಡಿ ಇಟ್ಟುಕೊಂಡಿದ್ದರೆ, ಒಂದಿಷ್ಟು ಅಡ್ವಾನ್ಸ್ ಹಿಡಿದು, ರಿಪೇರಿ ಮುಗಿಯೋ ತನಕ ಬಳಸೋಕೆ ಕೊಡಿ.

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟುತ್ತೆ ಅಂತಾದರೆ ‘ಇದಕ್ಕೆ ದುಡ್ಡು ಹಾಕಬೇಡಿ’ ಅಂತ ನೀವೇ ಹೇಳಿ. ನಿಮ್ಮ ಹೊಸ ಮಿಕ್ಸಿ ಮಾರಾಟವಾಗೋದು ಆ ಗಳಿಗೆಯಲ್ಲಿ. ಆಗ ಮುನ್ನೂರು ನಾನೂರು ರೂಪಾಯಿ ಹೆಚ್ಚಿದ್ದರೂ ಜನ ಕೊಡ್ತಾರೆ, ಯಾಕೆಂದರೆ ಹೇಳುತ್ತಿರುವವರು ತಮ್ಮ ಹಳೇ ಮಿಕ್ಸಿಯನ್ನು ಬಿಚ್ಚಿ ತೋರಿಸಿದವರು. ಮಾರಲು ಹತ್ತು ಹದಿನೈದು ಬ್ರಾಂಡ್ ಬೇಡ. ಯಾವುದರ ಬಿಡಿಭಾಗ ನಿಮಗೆ ಬೆಂಗಳೂರಿನಿಂದ ಎರಡು ದಿನದಲ್ಲಿ ಸಿಗುತ್ತೋ ಅಂಥ ಮೂರು ನಾಲ್ಕು ಸಾಕು. ಉಳಿದದ್ದನ್ನು ಕೇಳಿದವರಿಗೆ ‘ಅದು ನಮ್ಮಲ್ಲಿ ಇಲ್ಲ, ಯಾಕೆಂದರೆ ಪಾರ್ಟ್ಸ್ ಸಿಗೋದಿಲ್ಲ’ ಅಂತ ನಿಜವನ್ನೇ ಹೇಳಿ.

ವಾರಂಟಿ ಇರುವ ಮಿಕ್ಸಿ ಬಂದರೆ ಮಾತ್ರ ಸ್ಕ್ರೂಡ್ರೈವರ್ ಮುಟ್ಟಬೇಡಿ. ಹೊರಗಿನವರು ಬಿಚ್ಚಿದ್ದಾರೆ ಅಂತ ಕಂಪನಿಯವರು ವಾರಂಟಿ ತಳ್ಳಿಹಾಕ್ತಾರೆ. ಮೊದಲು ಬಿಲ್ ಕೇಳಿ, ತಾರೀಖು ನೋಡಿ. ಬಿಲ್ ಬೆಳ್ಳಗಾಗಿದೆ ಅನ್ನೋರು ಬಹಳ ಜನ ಇರ್ತಾರೆ. ಥರ್ಮಲ್ ಕಾಗದದ ಬಿಲ್ ಬಿಸಿಲಿಗೆ, ಅಡುಗೆಮನೆ ಬಿಸಿಗೆ ಕೆಲವು ತಿಂಗಳಲ್ಲೇ ಮಾಸುತ್ತೆ. ನೀವು ಮಾರಿದ ಬಿಲ್ಲಿನ ಫೋಟೋ ಅವತ್ತೇ ಗಿರಾಕಿಯ ವಾಟ್ಸಾಪ್‌ಗೆ ಕಳಿಸುವ ರೂಢಿ ಮಾಡಿಕೊಳ್ಳಿ.

ವಾರಂಟಿ ಇದ್ದವರಿಗೆ ನೀವು ಮಾಡಬಹುದಾದ ಕೆಲಸ ಬೇರೆ. ಅವರ ಪರವಾಗಿ ದೂರು ದಾಖಲಿಸಿಕೊಡಿ. ‘ಒಂದು ಒತ್ತಿ, ಎರಡು ಒತ್ತಿ’ ಅಂತ ಹೇಳುವ ಫೋನಿನ ಮುಂದೆ ಹಳ್ಳಿಯ ಹಿರಿಯರು ಸೋತುಹೋಗ್ತಾರೆ. ನಿಮ್ಮ ಮಗನಿಗೆ ಅದು ಐದು ನಿಮಿಷದ ಕೆಲಸ. ಕಂಪ್ಲೇಂಟ್ ನಂಬರನ್ನು ಚೀಟಿಯಲ್ಲಿ ಬರೆದು ಕೊಡಲಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಇದನ್ನೂ ತಿಳಿಸಿ: 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಿರಾಕಿ ತಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವೂ ಇಲ್ಲ. ಒಂದು ಮಿಕ್ಸಿಗೆ ಯಾರೂ ಕೋರ್ಟ್ ಹತ್ತೋದಿಲ್ಲ ಬಿಡಿ. ಆದರೆ 1915 ಅನ್ನೋ ನಂಬರ್ ಬಾಯಲ್ಲಿ ಬಂದರೆ ಕೆಲವು ಕೌಂಟರ್‌ಗಳಲ್ಲಿ ಕುರ್ಚಿ ಸರಿಯುತ್ತೆ.

ಇದೇ ಕಾಯ್ದೆ ನಿಮಗೂ ಅನ್ವಯಿಸುತ್ತೆ. ನಿಮ್ಮ ಅಂಗಡಿಯಲ್ಲೂ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅನ್ನೋ ಬೋರ್ಡ್ ಇದ್ದೀತು, ಇಲ್ಲವೇ ಬಿಲ್ ಬುಕ್ಕಿನ ತಳದಲ್ಲಿ ಅಚ್ಚಾಗಿದ್ದೀತು. ತೆಗೆಯಿರಿ. ದೋಷ ಇರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತಗೊಂಡು ದುಡ್ಡು ಕೊಡದೇ ಇದ್ದರೆ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತೆ. ಬಿಲ್ಲಿನಲ್ಲಿ ಅವಧಿಯನ್ನೇ ಬರೆಯದಿದ್ದರೆ 30 ದಿನ. ಬಿಲ್ ಕೊಡದೇ ಇರೋದೂ ಅದೇ ಪಟ್ಟಿಯಲ್ಲಿದೆ. ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ತಂದವರದ್ದು ಬೇರೆ ಮಾತು, ಅಲ್ಲಿ ನಿಮ್ಮ ಇಷ್ಟ. ಹಳೇ ಬೋರ್ಡಿನ ಜಾಗದಲ್ಲಿ ‘ದೋಷವಿದ್ದರೆ 10 ದಿನದೊಳಗೆ ತನ್ನಿ, ಬದಲಾಯಿಸಿ ಕೊಡುತ್ತೇವೆ, ಇಲ್ಲವೇ ದುಡ್ಡು ವಾಪಸ್’ ಅಂತ ಬರೆಸಿ, ಅದನ್ನೇ ಬಿಲ್ಲಿನಲ್ಲೂ ಅಚ್ಚು ಹಾಕಿಸಿ. ಎಷ್ಟು ಜನ ವಾಪಸ್ ತರ್ತಾರೋ ಅಂತ ಹೆದರಿಕೆ ಆಗುತ್ತೆ. ಹೊಸ ಮಿಕ್ಸಿಯನ್ನು ಗಿರಾಕಿಯ ಮುಂದೆಯೇ ಪ್ಲಗ್ ಹಾಕಿ ಓಡಿಸಿ ತೋರಿಸಿದರೆ ಆ ಹೆದರಿಕೆ ಅರ್ಧ ಹೋಗುತ್ತೆ.

ಬಾಯಿಮಾತಿನ ಗ್ಯಾರಂಟಿ ಮಾತ್ರ ಕೊಡಬೇಡಿ. ‘ಐದು ವರ್ಷ ಏನೂ ಆಗಲ್ಲ, ನಾನಿದೀನಿ’ ಅನ್ನೋದು ಮಾರುವಾಗ ಚೆನ್ನಾಗಿರುತ್ತೆ. ಕಂಪನಿ ಕೊಡದ ಭರವಸೆಯನ್ನು ಮಾರುವವರು ತಾವಾಗಿ ಕೊಟ್ಟು, ಅದು ಸುಳ್ಳಾಗಿ ಯಾರಿಗಾದರೂ ಹಾನಿಯಾದರೆ ಹೊಣೆ ಅವರ ತಲೆಗೂ ಬರುತ್ತೆ. ನೀವು ಹಾಕಿದ ಪಾರ್ಟಿಗೆ, ನೀವು ಮಾಡಿದ ಕೆಲಸಕ್ಕೆ ಮೂರು ತಿಂಗಳು ಅಂತ ಬರೆದು ಕೊಡಿ. ಅಷ್ಟು ಸಾಕು.

ಕುಕ್ಕರ್ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಪ್ರೆಷರ್ ಕುಕ್ಕರ್‌ಗೆ ಐಎಸ್‌ಐ ಮಾರ್ಕ್ ಕಡ್ಡಾಯ. ಅದಿಲ್ಲದ ಕುಕ್ಕರ್‌ಗಳು ತಮ್ಮ ತಾಣದಲ್ಲಿ ಮಾರಾಟವಾಗಲು ಬಿಟ್ಟಿದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಮದುವೆ ಸೀಸನ್‌ನಲ್ಲಿ ಉಡುಗೊರೆಗೆ ಅಂತ ಅಗ್ಗದ ಕುಕ್ಕರ್ ಕೇಳಿಕೊಂಡು ಬರ್ತಾರೆ, ಹೋಲ್‌ಸೇಲ್‌ನವರೂ ಆಸೆ ತೋರಿಸ್ತಾರೆ. ಮಾರ್ಕ್ ಇಲ್ಲದ್ದನ್ನು ಒಳಗೇ ಸೇರಿಸಬೇಡಿ.

ಬಿಲ್ ಅಂದ ಕೂಡಲೇ ಜಿಎಸ್‌ಟಿ ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಎಷ್ಟೋ ಅಂಗಡಿಗಳಲ್ಲಿ ಕಾಗದ ಅಂಟಿಸಿದ್ದು ನೀವೂ ನೋಡಿರ್ತೀರಿ. ದುಡ್ಡು ತಗೊಳ್ಳುವ ದಾರಿಯನ್ನು ಮುಚ್ಚೋದು ಪರಿಹಾರ ಅಲ್ಲ, ಗಿರಾಕಿಯೇ ಹೋಗ್ತಾನೆ. ನಿಮಗೆ ಗೊತ್ತಿರಲೇಬೇಕಾದ ಒಂದು ಸೂಕ್ಷ್ಮ ಇದೆ. ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ನೋಂದಣಿ ಬೇಡ ಅನ್ನೋದು ಬರೀ ಸರಕು ಮಾರುವವರಿಗೆ. ರಿಪೇರಿ ಅನ್ನೋದು ಸೇವೆ. ಅದೂ ಸೇರಿದರೆ ಮಿತಿ 20 ಲಕ್ಷ, ಅದೂ ಮಾರಾಟ, ರಿಪೇರಿ ಎಲ್ಲ ಕೂಡಿ. ಕಾಂಪೊಸಿಷನ್‌ಗೆ, ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಯೋಜನೆಗೆ, ಸೇರಿದರೆ 1.5 ಕೋಟಿವರೆಗಿನ ವಹಿವಾಟಿಗೆ ವ್ಯಾಪಾರಿಗಳು ಶೇ 1 ಕಟ್ಟಿದರೆ ಆಯಿತು, ಆದರೆ ಅದನ್ನು ಗಿರಾಕಿಯ ಹತ್ತಿರ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಅಲ್ಲೂ ರಿಪೇರಿಯಂಥ ಸೇವೆಗೆ ಮಿತಿ ಇದೆ. ವಹಿವಾಟಿನ ಶೇ 10 ಅಥವಾ 5 ಲಕ್ಷ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು. ರಿಪೇರಿ ಬೋರ್ಡ್ ಹಾಕುವ ಮುಂಚೆ ನಿಮ್ಮ ಲೆಕ್ಕ ಬರೆಯುವವರ ಹತ್ತಿರ ಇದನ್ನು ಕೂತು ಮಾತಾಡಿ.

ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ‘ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ, ಬರ್ಕೊಳ್ಳಿ’ ಅನ್ನುವ ಹಳೇ ಗಿರಾಕಿಗೆ ಶೋರೂಮ್‌ನ ಇಎಂಐ ಕಂಪನಿ ಕೊಡದ ಅನುಕೂಲ ನೀವು ಕೊಡಬಹುದು. ಹೊಸ ಮಿಕ್ಸಿಗೆ ಕೊಡಿ, ರಿಪೇರಿಗೆ ಬೇಡ. ಸಣ್ಣ ಬಾಕಿ ಇಟ್ಟವರು ಅಂಗಡಿ ಮುಂದೆ ಹಾಯಲು ನಾಚಿಕೊಂಡು ಬೇರೆ ಬೀದಿ ಹಿಡೀತಾರೆ. ನೂರೈವತ್ತು ರೂಪಾಯಿಗೆ ಗಿರಾಕಿಯನ್ನೇ ಕಳೆದುಕೊಂಡ ಹಾಗೆ.

ಮಗನ ಆನ್‌ಲೈನ್ ಆಸೆ ವಿಷಯ. ದೊಡ್ಡ ತಾಣಗಳಲ್ಲಿ ಮಿಕ್ಸಿ ಮಾರಲು ಹೋದರೆ ಕಮಿಷನ್, ಸಾಗಣೆ, ವಾಪಸ್ ಬಂದ ಒಡೆದ ಜಾರ್, ಎಲ್ಲ ಕಳೆದು ಕೈಗೆ ಏನೂ ಉಳಿಯೋದಿಲ್ಲ. ಅಲ್ಲಿ ಗಿರಾಕಿಗೆ ಕಾಣೋದು ಬೆಲೆ ಒಂದೇ, ನಿಮ್ಮ ಯಜಮಾನರ ಕೈ ಕಾಣೋದಿಲ್ಲ. ಅವನ ಉತ್ಸಾಹಕ್ಕೆ ಬೇರೆ ಕೆಲಸ ಕೊಡಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಲಿ. ‘ಮಿಕ್ಸಿ ರಿಪೇರಿ, ತುಮಕೂರು’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಲಿ, ರಜೆ ದಿನ ಸರಿಯಾಗಿ ಬರೆಯಲಿ. ವಾಟ್ಸಾಪ್‌ನಲ್ಲಿ ಬಿಡಿಭಾಗ ಮಾರಲಿ, ಮುಖ್ಯವಾಗಿ ಗ್ಯಾಸ್ಕೆಟ್. ಕುಕ್ಕರ್ ಗ್ಯಾಸ್ಕೆಟ್‌ನಲ್ಲಿ ಕಂಪನಿ ಬೇರೆ, ಲೀಟರ್ ಬೇರೆ, ಒಳಮುಚ್ಚಳದ್ದು ಬೇರೆ, ಹೊರಮುಚ್ಚಳದ್ದು ಬೇರೆ. ಜನ ತಪ್ಪು ಸೈಜ್ ಕೊಂಡು ಎರಡೆರಡು ಸಲ ಓಡಾಡ್ತಾರೆ. ಮುಚ್ಚಳದ ಫೋಟೋ ಮತ್ತು ತಳದಲ್ಲಿ ಬರೆದ ಲೀಟರ್ ಕಳಿಸಿದರೆ ಸರಿಯಾದದ್ದನ್ನು ತೆಗೆದಿಟ್ಟು, ಗುಬ್ಬಿಗೋ ಕುಣಿಗಲ್‌ಗೋ ಬಸ್ಸಿನವರ ಕೈಲಿ ಕಳಿಸಬಹುದು. ಫೋನ್ ನಂಬರ್ ಕೇಳುವಾಗ ‘ರಿಪೇರಿ ಆದಾಗ ತಿಳಿಸೋಕೆ’ ಅಂತ ಕಾರಣ ಹೇಳಲಿ. ಬಿಲ್ ಮಾಡಬೇಕಾದರೆ ನಂಬರ್ ಕೊಡಲೇಬೇಕು ಅಂತ ಹಟ ಹಿಡಿಯಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ. ದಿನಾ ಬೆಳಗ್ಗೆ ಆಫರ್ ಮೆಸೇಜ್ ಕಳಿಸಿದರೆ ಶೋರೂಮ್‌ನವರಿಗೂ ನಿಮಗೂ ಏನು ವ್ಯತ್ಯಾಸ?

ಗ್ಯಾಸ್ ಸ್ಟವ್ ರಿಪೇರಿ ಮಾಡಿ, ಆದರೆ ಸ್ಟವ್‌ನಷ್ಟೇ. ಬರ್ನರ್, ನಾಬ್, ಜೆಟ್ ಕ್ಲೀನಿಂಗ್ ನಿಮ್ಮ ಕೆಲಸ. ರೆಗ್ಯುಲೇಟರ್, ಸಿಲಿಂಡರ್ ವಾಲ್ವ್ ಗ್ಯಾಸ್ ಏಜೆನ್ಸಿಯವರದ್ದು, ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ಮುಟ್ಟಬೇಡಿ. ಗ್ಯಾಸ್ ಸೋರುತ್ತಿದೆ ಅಂತ ಫೋನ್ ಬಂದರೆ 1906ಕ್ಕೆ ಕರೆ ಮಾಡಲು ಹೇಳಿ. ಸ್ಟವ್ ರಿಪೇರಿಗೆ ತಂದವರನ್ನು ಮನೆಯ ರಬ್ಬರ್ ಪೈಪ್ ಯಾವ ವರ್ಷದ್ದು ಅಂತ ಕೇಳಿ, ಪೈಪಿನ ಮೇಲೇ ಅಚ್ಚಾಗಿರುತ್ತೆ. ಐದು ವರ್ಷ ದಾಟಿದ್ದರೆ ಏಜೆನ್ಸಿಯಿಂದ ಹೊಸದು ಹಾಕಿಸಿಕೊಳ್ಳಲು ಹೇಳಿ ಕಳಿಸಿ.